ಯಾಟ್ ಹತ್ತೋಕೆ ಮುಂಚೆ ಕಿವಿಗೆ ಎಣ್ಣೆ ಬಿಡಬೇಡಿ

ಡಿಸೆಂಬರ್ ಹತ್ತಿರ ಬಂತು ಅಂದ್ರೆ ತುಮಕೂರಿನ ನನ್ನ ಕ್ಲಿನಿಕ್‌ಗೆ ಕಿವಿನೋವಿನವರ ಜೊತೆ ಟೂರ್ ಹೊರಟವರೂ ಬರುತ್ತಾರೆ. ಎಲ್ಲರೂ ಕೇಳೋದು ಒಂದೇ ವಿಷಯ, ದೋಣಿಯಲ್ಲಿ ಬರೋ ತಲೆಸುತ್ತು, ವಾಂತಿ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಾಲ್ಕು ಮನೆಯವರು ಸೇರಿ ಥಾಯ್ಲೆಂಡ್‌ನ ಫುಕೆಟ್‌ಗೆ ಹೋಗುತ್ತಿದ್ದೇವೆ. ಮೂರು ರಾತ್ರಿ ಯಾಟ್‌ನಲ್ಲೇ, ಅಂದ್ರೆ ಮಲಗೋಕೂ ಜಾಗ ಇರೋ ವಿಹಾರ ದೋಣಿಯಲ್ಲಿ. ಫಾಂಗ್ ನ್ಗಾ ಕೊಲ್ಲಿ, ಫಿ ಫಿ ದ್ವೀಪ ನೋಡೋ ಪ್ಲಾನ್. ನನಗೆ ನಂದಿ ಬೆಟ್ಟದ ತಿರುವಿನಲ್ಲೇ ವಾಂತಿ ಆಗುತ್ತದೆ. ಬಿಸಿ ಎಣ್ಣೆ ಕಿವಿಗೆ ಬಿಟ್ಟುಕೊಂಡರೆ ವಾಂತಿ ಆಗಲ್ಲ ಅಂತ ನಾಟಿ ವೈದ್ಯರು ಹೇಳಿದ್ದಾರೆ. 68 ವರ್ಷದ ತಂದೆಯೂ ಬರುತ್ತಿದ್ದಾರೆ.
– ಶಿಡ್ಲಘಟ್ಟದ ಓದುಗರು

ಉತ್ತರ: ಎಣ್ಣೆ ಖಂಡಿತ ಬೇಡ. ತಲೆಸುತ್ತಿಗೆ ಸಂಬಂಧಪಟ್ಟ ಭಾಗ ಇರೋದು ಕಿವಿ ತಮಟೆಯ ಆಚೆ, ಮೂಳೆಯ ಒಳಗೆ. ಅಲ್ಲಿ ಮೂರು ಸಣ್ಣ ಅರ್ಧಚಂದ್ರ ನಾಳಗಳಿವೆ, ಅವುಗಳಲ್ಲಿ ದ್ರವ ಇದೆ. ನೀವು ಬಿಟ್ಟ ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ. ತಮಟೆಯಲ್ಲಿ ತೂತಿದ್ದರೆ ಒಳಗೆ ಹೋಗಿ ಸೋಂಕು ಮಾಡುತ್ತದೆ. ಹಾಗೆ ಕೀವು ಸುರಿಸಿಕೊಂಡು ಬಂದವರ ಕಿವಿಯನ್ನು ನಾನು ತಿಂಗಳುಗಟ್ಟಲೆ ತೊಳೆದಿದ್ದೇನೆ. ಇಂಥ ಸಲಹೆ ಕೊಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ದೋಣಿ ಅಲುಗಾಡಿದಾಗ ಆ ದ್ರವವೂ ಅಲುಗಾಡುತ್ತದೆ. ಆದರೆ ಕ್ಯಾಬಿನ್‌ನಲ್ಲಿ ಕೂತ ಕಣ್ಣಿಗೆ ಗೋಡೆ ನಿಂತಲ್ಲೇ ನಿಂತಿರುತ್ತದೆ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಈ ಜಗಳಕ್ಕೇ ಓಕರಿಕೆ ಬರೋದು. ಹಾಗಾಗಿ ಮೇಲಿನ ಬಯಲು ಜಾಗಕ್ಕೆ (ಡೆಕ್‌ಗೆ) ಬಂದು, ದೋಣಿಯ ನಡುಭಾಗದಲ್ಲಿ ಕೂತು, ದೂರದಲ್ಲಿ ನೀರು ಆಕಾಶ ಸೇರೋ ಗೆರೆ ನೋಡಿ. ಮೊಬೈಲ್ ಬ್ಯಾಗಿನಲ್ಲಿರಲಿ. ತೀರಾ ಆಗದಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗಿ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಎರಡು ಇಡ್ಲಿಯಷ್ಟು ತಿಂದು ಹತ್ತಿ.

ಮಾತ್ರೆ ವಿಷಯದಲ್ಲಿ ಎಲ್ಲರೂ ತಪ್ಪು ಮಾಡೋದು ಹೊತ್ತಿನಲ್ಲಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ನಿಲ್ಲಲ್ಲ. ಸಿನ್ನರಿಜಿನ್ ಆದರೆ ಹೊರಡೋ 2 ಗಂಟೆ ಮೊದಲು. ಅವೋಮಿನ್ ಆದರೆ ಹಿಂದಿನ ರಾತ್ರಿ ಮಲಗುವಾಗ. ಎರಡೂ ನಿದ್ದೆ ತರುತ್ತವೆ. ಹೊರಡೋ ಮುಂಚೆ ಒಂದು ಭಾನುವಾರ ಮನೆಯಲ್ಲೇ ತಗೊಂಡು ನೋಡಿ. ಡೆಕ್ ಮೇಲೆ ತೂಕಡಿಸಿದರೆ ಅಪಾಯ, ಅಲ್ವಾ? ಅದರ ಜೊತೆ ಕುಡಿತ ಬೇಡವೇ ಬೇಡ.

ತಂದೆಯವರಿಗೆ ಪ್ರಾಸ್ಟೇಟ್ ದೊಡ್ಡದಾಗಿದೆಯಾ, ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಹೆಚ್ಚಾಗೋ ಕಾಯಿಲೆ) ಇದೆಯಾ? ಇದ್ದರೆ ನಿಮ್ಮ ಮಾತ್ರೆ ಅವರಿಗೆ ಕೊಡಬೇಡಿ. ಗುಬ್ಬಿ ಕಡೆಯ ಹಿರಿಯರೊಬ್ಬರು ಮಗನ ಮಾತ್ರೆ ನುಂಗಿ, ದ್ವೀಪದಲ್ಲಿ ಮೂತ್ರ ಕಟ್ಟಿಕೊಂಡು ರಾತ್ರಿಯೆಲ್ಲ ಒದ್ದಾಡಿದರು. ಬೆಳಗ್ಗೆ ದಡಕ್ಕೆ ಬಂದು ಟ್ಯೂಬ್ ಹಾಕಿಸಬೇಕಾಯಿತು. ನಿಮ್ಮ ತಂದೆಯವರನ್ನು ಅವರ ಡಾಕ್ಟರ ಹತ್ತಿರ ಮೊದಲೇ ಕರೆದುಕೊಂಡು ಹೋಗಿ.

ಆ ಕಡೆ ಸಮುದ್ರ ಶಾಂತವಾಗಿರೋದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಫಾಂಗ್ ನ್ಗಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ದ್ವೀಪಗಳು ಅಲೆಗೆ ಅಡ್ಡ ನಿಲ್ಲುತ್ತವೆ, ಅಷ್ಟು ತೊಂದರೆ ಆಗಲ್ಲ. ಫಿ ಫಿ ಕಡೆ ಹೋಗುವಾಗ ತೆರೆದ ಸಮುದ್ರ. ಮಾತ್ರೆ ಆ ದಿನಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಪೇಪರ್ ಮೇಲೆ ಕೂತರೆ ವಾಂತಿ ಬರಲ್ವಂತೆ?
ಉತ್ತರ: ಸುಳ್ಳು. ಪೇಪರ್ ಓದೋಕೆ ಇಟ್ಟುಕೊಳ್ಳಿ, ಅದೂ ದಡಕ್ಕೆ ಬಂದ ಮೇಲೆ.

ಪ್ರಶ್ನೆ: ಶುಂಠಿ ಅಗಿದರೆ?
ಉತ್ತರ: ಸ್ವಲ್ಪ ಓಕರಿಕೆಗೆ ಅನುಕೂಲ ಆಗಬಹುದು. ನಿಮ್ಮಂಥವರಿಗೆ ಅದೊಂದೇ ಸಾಲದು.

ಪ್ರಶ್ನೆ: ನೆಗಡಿ ಇದೆ, ಸ್ಕೂಬಾ ಮಾಡಬಹುದಾ?
ಉತ್ತರ: ಬೇಡ. ದುಡ್ಡು ಕಟ್ಟಿದ್ದರೂ ಬೇಡ. ಮೂಗು ಕಟ್ಟಿದ್ದಾಗ ನೀರಿನ ಆಳಕ್ಕೆ ಇಳಿದರೆ ಕಿವಿಯ ಒಳಗಿನ ಒತ್ತಡ ಸರಿಹೋಗಲ್ಲ, ತಮಟೆ ಹರಿಯಬಹುದು.

ಪ್ರಶ್ನೆ: ಊರಿಗೆ ಬಂದ ಮೇಲೂ ನೆಲ ತೂಗಿದ ಹಾಗೆ ಆಗುತ್ತಿದೆ.
ಉತ್ತರ: ಒಂದೆರಡು ದಿನ ಹಾಗೆ ಇರುತ್ತದೆ, ತಾನಾಗೇ ಹೋಗುತ್ತದೆ. ವಾರ ದಾಟಿದರೆ ಬಂದು ತೋರಿಸಿ, ಅಲ್ಲಿವರೆಗೆ ಬೈಕ್ ಓಡಿಸಬೇಡಿ.