ಹಾಡುಗಳ ಫೋಲ್ಡರನ್ನು ಹೊಸ ಡಿಸ್ಕ್‌ಗೆ ಸಾಗಿಸಬೇಕು, ಪ್ಲೇಲಿಸ್ಟ್‌ಗಳು ಹಾಳಾಗದೆ ಉಳಿಯುತ್ತವೆಯೇ?

ಸುಮ್ಮನೆ ಸಾಗಿಸಿಬಿಟ್ಟರೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಪ್ಲೇಲಿಸ್ಟ್‌ನೊಳಗೆ ಹಾಡು ಇರುವುದೇ ಇಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಮನೆ ಬದಲಿಸಿದವರ ಹಳೇ ವಿಳಾಸಕ್ಕೆ ಕಾಗದ ಹಾಕಿದ ಹಾಗೆ.

ಎಂ3ಯು ಎಂಬ ಪ್ಲೇಲಿಸ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಸಾಲುಸಾಲಾಗಿ ಹಾಡುಗಳ ದಾರಿ ಕಾಣುತ್ತದೆ. ಆ ದಾರಿ ಡಿ ಡ್ರೈವ್‌ನಿಂದ ಶುರುವಾಗಿದ್ದರೆ ಹಳೇ ಡಿಸ್ಕ್‌ನಿಂದ ಆ ಅಕ್ಷರ ತೆಗೆದು ಹೊಸ ಡಿಸ್ಕ್‌ಗೆ ಕೊಡಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇದು ಎರಡು ನಿಮಿಷದ ಕೆಲಸ. ಒಳಗಿನ ಫೋಲ್ಡರ್‌ಗಳ ಹೆಸರು ಮೊದಲಿನಂತೆಯೇ ಇದ್ದರೆ ಪ್ಲೇಲಿಸ್ಟ್‌ಗೆ ಸ್ಥಳಾಂತರವಾದದ್ದೇ ತಿಳಿಯುವುದಿಲ್ಲ. ಅಕ್ಷರ ಬದಲಾಗಲೇಬೇಕಾದರೆ ಫೈಂಡ್-ರಿಪ್ಲೇಸ್‌ನಿಂದ ಎಲ್ಲ ಸಾಲುಗಳನ್ನೂ ಒಂದೇ ಏಟಿಗೆ ತಿದ್ದಬಹುದು. ತಿದ್ದುವ ಮೊದಲು ಒಂದು ಪ್ರತಿ ಎತ್ತಿಡಿ. ಪ್ಲೇಲಿಸ್ಟ್ ಫೈಲ್‌ಗಳು ತೀರಾ ಚಿಕ್ಕವು, ಜಿಪುಣತನ ಬೇಡ.

ಫೈಲ್ ಹೆಸರುಗಳು ಕನ್ನಡದಲ್ಲಿದ್ದರೆ ಎಂ3ಯು8 ಆಗಿಯೇ ಉಳಿಸಿ. ಅದು ಎಲ್ಲ ಭಾಷೆಗಳ ಅಕ್ಷರಗಳನ್ನೂ ಬರೆದಿಡಬಲ್ಲ ಯುಟಿಎಫ್-8 ಎಂಬ ಸಂಕೇತ ಪದ್ಧತಿ ಬಳಸುತ್ತದೆ. ಬರೀ ಎಂ3ಯುನಲ್ಲಿ ನಮ್ಮ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದುಂಟು.

ಇನ್ನು ಹೆಸರು ತಿದ್ದುವ, ಫೋಲ್ಡರ್ ಜೋಡಿಸುವ ಚಪಲ. ಅದನ್ನು ಎಕ್ಸ್‌ಪ್ಲೋರರ್‌ನಲ್ಲಿ ಮಾಡಬೇಡಿ, ಪ್ಲೇಯರ್ ಒಳಗಿಂದಲೇ ಮಾಡಿ. ಫೂಬಾರ್2000 ಎಂಬ ಪ್ಲೇಯರ್ ತಾನೇ ಫೈಲ್ ಸರಿಸಿದಾಗ ತನ್ನ ಪ್ಲೇಲಿಸ್ಟ್‌ಗಳನ್ನೂ ತಿದ್ದಿಕೊಳ್ಳುತ್ತದೆ. ನೀವು ಹೊರಗೆ ಉಳಿಸಿಟ್ಟ ಎಂ3ಯು ಮಾತ್ರ ಹಳೆಯದಾಗಿಯೇ ಇರುತ್ತದೆ, ಮತ್ತೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.