ಪೆಟ್ಟು ಬಿದ್ದು ಬಂದ ಪೊರೆಗೆ ಇಷ್ಟೊಂದು ಸ್ಕ್ಯಾನ್ ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ, ಗ್ಯಾರೇಜ್ ಕೆಲಸ. ಎರಡು ತಿಂಗಳ ಹಿಂದೆ ಉಳಿ ಮೇಲೆ ಸುತ್ತಿಗೇಲಿ ಹೊಡೀತಿದ್ದಾಗ ಏನೋ ಕಣ್ಣಿಗೆ ಸಿಡೀತು, ಡ್ರಾಪ್ಸ್ ಹಾಕ್ಕೊಂಡು ಸುಮ್ಮನಾದ. ಈಗ ಕಣ್ಣು ಬೆಳ್ಳಗಾಗಿದೆ, ಬೆಳಕು ಬಿಟ್ರೆ ಏನೂ ಕಾಣಲ್ಲ. ಡಾಕ್ಟ್ರು ಪೊರೆ ಅಂದ್ರು, ಆದ್ರೆ ಬಿ-ಸ್ಕ್ಯಾನ್, ಸಿಟಿ ಎರಡೂ ಬೇಕಂತೆ. ಅಮ್ಮನ ಪೊರೆ ಆಪರೇಷನ್‌ಗೆ ಇದ್ಯಾವುದೂ ಇರ್ಲಿಲ್ಲ. ಮಾಡಿಸೋದೇ ಆದ್ರೆ ಎಂಆರ್‌ಐ ಒಂದೇ ಮಾಡಿಸಿದ್ರೆ ಆಗಲ್ವಾ?
– ಓದುಗರು, ರಾಣೆಬೆನ್ನೂರು

ಉತ್ತರ: ಎಂಆರ್‌ಐ ಮಾತ್ರ ಬೇಡವೇ ಬೇಡ. ಸುತ್ತಿಗೆ-ಉಳಿ ಅಂದ್ಮೇಲೆ ಒಳಗೆ ಕಬ್ಬಿಣದ ಚೂರು ಇರಬಹುದು, ಎಂಆರ್‌ಐ ಅಂದ್ರೆ ದೊಡ್ಡ ಅಯಸ್ಕಾಂತ, ಅದು ಎಳೆದು ಚೂರು ಒಳಗೇ ಸರಿದಾಡಿದ್ರೆ ಆ ಕಣ್ಣಲ್ಲಿ ಉಳಿದಿರೋ ದೃಷ್ಟೀನೂ ಹಾಳು. ಲೋಹ ಹುಡುಕೋಕೆ ಸಿಟಿನೇ ಸರಿ. ಕಬ್ಬಿಣ ಒಳಗೇ ಉಳಿದ್ರೆ ಅದರ ತುಕ್ಕು ನಿಧಾನವಾಗಿ ರೆಟಿನಾನ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸೋ ಪದರ) ಕೊಲ್ಲುತ್ತೆ, ಹಾಗಾಗಿ ಪೊರೆ ಒಂದನ್ನೇ ತೆಗೆದು ಕಳಿಸೋ ಹಾಗಿಲ್ಲ.

ಅಮ್ಮನ ವಿಷಯ ಬೇರೆ. ವಯಸ್ಸಿನ ಪೊರೇಲಿ ಸಾಮಾನ್ಯವಾಗಿ ಪಾಪೆ ಅಗಲ ಮಾಡಿ ನೋಡಿದ್ರೆ ಹಿಂದಿನ ರೆಟಿನಾ ಅಷ್ಟೋ ಇಷ್ಟೋ ಕಾಣುತ್ತೆ, ನಿಮ್ಮ ತಮ್ಮನ ಲೆನ್ಸ್ ಪೂರ್ತಿ ಬೆಳ್ಳಗಾಗಿರೋದ್ರಿಂದ ಡಾಕ್ಟ್ರಿಗೆ ಹಿಂದೆ ಏನಾಗಿದೆ ಅಂತ ಗೊತ್ತಾಗೋಕೆ ದಾರೀನೇ ಇಲ್ಲ. ಅದಕ್ಕೇ ಬಿ-ಸ್ಕ್ಯಾನ್, ಅಂದ್ರೆ ಅಲ್ಟ್ರಾಸೌಂಡ್. ಮುಚ್ಚಿದ ರೆಪ್ಪೆ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಡ್ತಾರೆ, ನೋವಿಲ್ಲ, ಕೆಲವೇ ನಿಮಿಷ. ರೆಟಿನಾ ಕಿತ್ಕೊಂಡಿದ್ಯಾ, ಒಳಗೆ ರಕ್ತ ಇದ್ಯಾ, ಲೆನ್ಸಿನ ಹಿಂದಿನ ಚೀಲ ಹರಿದಿರೋ ಲಕ್ಷಣ ಇದ್ಯಾ ಅಂತ ಹುಡುಕ್ತಾರೆ. ರೆಟಿನಾ ಕಿತ್ತಿದ್ರೆ ಆಪರೇಷನ್ನೇ ಬೇರೆ, ರೆಟಿನಾ ಸರ್ಜನ್ ಬೇಕಾಗುತ್ತೆ. (ಗಾಯ ಹಸಿಯಾಗಿ ತೆರೆದೇ ಇದ್ರೆ ಮಾತ್ರ ಕಣ್ಣಿನ ಮೇಲೆ ಒತ್ತೋ ಹಾಗಿಲ್ಲ, ಮೊದಲು ಹೊಲಿಗೆ.)

ಕೆಲವು ಕಡೆ ಯುಬಿಎಂ (ಅಲ್ಟ್ರಾಸೌಂಡ್ ಬಯೋಮೈಕ್ರೋಸ್ಕೋಪಿ, ಇದೂ ಅಲ್ಟ್ರಾಸೌಂಡೇ) ಅಂತಾನೂ ಬರೀತಾರೆ. ಬಿ-ಸ್ಕ್ಯಾನ್‌ನ ಶಬ್ದತರಂಗ ಸಾಮಾನ್ಯವಾಗಿ 10 ಮೆಗಾಹರ್ಟ್ಸ್, ಇದರದ್ದು 35ರಿಂದ 50, ಆಳಕ್ಕೆ ಹೋಗಲ್ಲ ಆದ್ರೆ ಕಣ್ಣಿನ ಮುಂಭಾಗ ಬಹಳ ಸ್ಪಷ್ಟ. ಲೆನ್ಸ್ ಹಿಡಿದಿರೋ ಸಣ್ಣ ಎಳೆಗಳು ಪೆಟ್ಟಿಗೆ ಹರಿದಿದ್ರೆ ಸರ್ಜನ್ ಮೊದಲೇ ಲೆನ್ಸಿನ ಚೀಲಕ್ಕೆ ಆಸರೆ ಕೊಡೋ ರಿಂಗ್ ರೆಡಿ ಇಟ್ಕೋತಾರೆ, ಇಲ್ಲಾಂದ್ರೆ ಟೇಬಲ್ ಮೇಲೆ ಪರದಾಟ.

ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಸ್ಕ್ಯಾನ್ ನಾರ್ಮಲ್ ಬಂತು ಅಂದ್ರೆ ದೃಷ್ಟಿ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಅಲ್ಲ. ಅದು ಆಕಾರ ತೋರಿಸುತ್ತೆ, ನರ ಕೆಲಸ ಮಾಡ್ತಿದ್ಯಾ ಅಂತ ಹೇಳಲ್ಲ. ಅದಕ್ಕೇ ಡಾಕ್ಟ್ರು ಟಾರ್ಚ್ ಹಿಡಿದು ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಕೇಳೋದು, ಅಂದಾಜಿಗೆ ಉತ್ತರ ಕೊಡ್ಬೇಡ ಅಂತ ತಮ್ಮನಿಗೆ ಹೇಳಿ.

ಪ್ರಶ್ನೆ: 6 ವರ್ಷದ ಮಗನಿಗೆ ಚಿನ್ನಿ ತಗುಲಿ ಪೊರೆ ಬಂದಿದೆ. ಬೇಸಿಗೆ ರಜೆವರೆಗೆ ಕಾಯಬಹುದಾ?
– ಓದುಗರು, ಗದಗ

ಉತ್ತರ: ರಜೆ ನೋಡ್ಕೊಂಡು ಮುಂದೂಡ್ಬೇಡಿ. ಈ ವಯಸ್ಸಲ್ಲಿ ಒಂದು ಕಣ್ಣು ಮಸುಕಾಗಿದ್ರೆ ಮೆದುಳು ಆ ಕಣ್ಣನ್ನ ಬಿಟ್ಟೇಬಿಡುತ್ತೆ, ಆಮೇಲೆ ಲೆನ್ಸ್ ಹಾಕಿದ್ರೂ ಸೋಮಾರಿ ಕಣ್ಣಾಗೇ ಉಳೀಬಹುದು. ಮಕ್ಕಳ ಕಣ್ಣಿನ ಡಾಕ್ಟ್ರಿಗೆ ಈ ವಾರವೇ ತೋರಿಸಿ. ಬಿ-ಸ್ಕ್ಯಾನ್‌ಗೆ ಮಗು ಕಣ್ಣು ಮುಚ್ಕೊಂಡು ಸುಮ್ನೆ ಮಲಗಿದ್ರೆ ಸಾಕು, ಆಪರೇಷನ್ ಆದ್ಮೇಲೆ ಒಳ್ಳೇ ಕಣ್ಣಿಗೆ ಪಟ್ಟಿ ಕಟ್ಟೋದು ತಿಂಗಳುಗಟ್ಲೆ ಇರಬಹುದು, ಸ್ಕೂಲಲ್ಲಿ ಟೀಚರ್‌ಗೆ ಈಗಲೇ ಹೇಳಿಡಿ.