ನಂದಿಬಟ್ಟಲಿನ ಹಸಿರು ಹುಳಕ್ಕೆ ಔಷಧಿ ಹೊಡೆಯಬೇಡಿ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ಅಂಗಳದ ನಂದಿಬಟ್ಟಲು ಗಿಡದ ಎಲೆಯನ್ನೆಲ್ಲ ಬೆರಳಿನಷ್ಟು ದಪ್ಪದ ಹಸಿರು ಹುಳ ತಿಂದು ಕಡ್ಡಿ ಮಾತ್ರ ಉಳಿಸಿದೆ. ತಲೆ ಹತ್ತಿರ ಎರಡು ನೀಲಿ ಕಣ್ಣು, ಹಿಂದೆ ಸಣ್ಣ ಕೊಂಬು. ವಿಷದ ಹುಳ, ಮುಟ್ಟಬೇಡ ಅಂತಾರೆ ನಮ್ಮತ್ತೆ. ದಿನಾ ಪೂಜೆಗೆ ಹೂ ಕೊಯ್ಯುವ ಗಿಡ. ಯಾವ ಔಷಧಿ ಹೊಡೆಯಲಿ?
– ಓದುಗರು, ಕಾಪು

ಉತ್ತರ: ದಯವಿಟ್ಟು ಏನೂ ಹೊಡೆಯಬೇಡಿ. ಪೂಜೆಗೆ ಹೂ ಕೊಯ್ಯುವ ಗಿಡಕ್ಕಂತೂ ಬೇಡವೇ ಬೇಡ. ಅದು ಕಣಗಿಲೆ ಪತಂಗದ ಮರಿ. ಡಾಫ್ನಿಸ್ ನೇರಿಯೈ ಅಂತ ಅದರ ಶಾಸ್ತ್ರೀಯ ಹೆಸರು.

ಅತ್ತೆಯವರಿಗೆ ಹೇಳಿ, ಇದಕ್ಕೆ ಕಂಬಳಿಹುಳದ ಹಾಗೆ ರೋಮ ಇಲ್ಲ, ತುರಿಸುವುದಿಲ್ಲ. ಕೊಂಬು ಚುಚ್ಚುವುದಿಲ್ಲ. ಆ ನೀಲಿ ಕಣ್ಣು ಕಣ್ಣೇ ಅಲ್ಲ, ಬರೀ ಬಣ್ಣದ ಬೊಟ್ಟು. ಗಿಡವನ್ನು ಸ್ವಲ್ಪ ಅಲುಗಿಸಿ ನೋಡಿ. ಹುಳ ತಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಬೊಟ್ಟುಗಳು ಉಬ್ಬಿ ನಿಮ್ಮನ್ನೇ ದುರುಗುಟ್ಟುತ್ತವೆ. ಹಕ್ಕಿಗಳನ್ನು ಹೆದರಿಸುವ ಉಪಾಯ ಅದು. ಆದರೂ ನಮ್ಮ ಮನೆ ಹಿಂದಿನ ಕೆಂಬೂತ ಅದಕ್ಕೆಲ್ಲ ಜಗ್ಗುವುದಿಲ್ಲ, ಹೆಕ್ಕಿ ತಿನ್ನುತ್ತದೆ. ನಿಜವಾಗಿ ಎಚ್ಚರ ಬೇಕಾದ್ದು ಕಣಗಿಲೆ ಗಿಡದ ಹಾಲಿನ ಬಗ್ಗೆ. ಅದು ನಮಗೂ ದನಕ್ಕೂ ವಿಷ. ಈ ಹುಳ ಮಾತ್ರ ಆ ಎಲೆಯನ್ನೂ ತಿಂದು ಜೀರ್ಣಿಸಿಕೊಳ್ಳುತ್ತದೆ!

ತಾಯಿ ಪತಂಗ ಎಲೆಗಳ ಮೇಲೆ ತಿಳಿಹಸಿರು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ನಮ್ಮ ಸೆಕೆಗೆ ಕೆಲವೇ ದಿನಗಳಲ್ಲಿ ಮರಿ ಹೊರಬರುತ್ತದೆ. ಅಲ್ಲಿಂದ ಎರಡು ಮೂರು ವಾರ ತಿನ್ನುವುದೊಂದೇ ಕೆಲಸ. ಎಲೆಯ ಬಣ್ಣವೇ ಇರುವುದರಿಂದ ಹುಳ ಸುಲಭಕ್ಕೆ ಕಾಣದು. ಗಿಡದಡಿ ಕಾಳುಮೆಣಸಿನಂಥ ಹಿಕ್ಕೆ ಬಿದ್ದಿದ್ದರೆ ಅದರ ನೇರ ಮೇಲೆ ಹುಡುಕಿ, ಸಿಗುತ್ತದೆ. ಮೈಯ ಎರಡೂ ಬದಿಗೆ ಉದ್ದಕ್ಕೆ ಬಿಳಿ ಪಟ್ಟಿ, ಅದರ ಸುತ್ತ ಬಿಳಿ ಚುಕ್ಕಿಗಳು. ಒಂದು ದಿನ ಹಸಿರು ಹೋಗಿ ಮೈ ಕಂದಾದರೆ ರೋಗ ಬಂತು ಅಂದುಕೊಳ್ಳಬೇಡಿ. ಕೋಶ ಕಟ್ಟುವ ಹೊತ್ತಾಯಿತು ಅಂತ ಅರ್ಥ. ಆಗ ಅದು ಕೆಳಗಿಳಿದು ತರಗೆಲೆಯೊಳಗೆ ಸೇರಿಕೊಂಡು, ನಾಲ್ಕು ಎಲೆಗಳನ್ನು ನೂಲಿನಿಂದ ಹೆಣೆದು ಒಳಗೆ ಮಲಗುತ್ತದೆ.

ಇಲ್ಲೇ ನಾವು ಅದನ್ನು ಕೊಲ್ಲುವುದು. ಬೆಳಗಾದರೆ ಹಿಡಿಸೂಡಿ ಹಿಡಿದು ಅಂಗಳ ಗುಡಿಸಿ, ತರಗೆಲೆಗೆ ಬೆಂಕಿ ಕೊಡುತ್ತೇವಲ್ಲ, ಕೋಶವೂ ಅದರಲ್ಲೇ ಸುಟ್ಟುಹೋಗುತ್ತದೆ. ಗಿಡದ ಬುಡದ ಎರಡು ಮಾರು ಜಾಗವನ್ನಾದರೂ ಎರಡು ಮೂರು ವಾರ ಗುಡಿಸದೆ ಬಿಡಿ.

ಹೊರಬರುವ ಪತಂಗವನ್ನು ನೋಡಬೇಕು ನೀವು. ರೆಕ್ಕೆ ಬಿಚ್ಚಿದರೆ 9ರಿಂದ 11 ಸೆಂಟಿಮೀಟರ್ ಅಗಲ. ಹಸಿರಿನೊಳಗೆ ಬಿಳಿ, ನಸುಗೆಂಪು ಬಣ್ಣದ ಬಳುಕು ಪಟ್ಟಿಗಳು. ಮುಸ್ಸಂಜೆಗೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ನಾಲಿಗೆಯಿಂದ ಮಕರಂದ ಹೀರುತ್ತದೆ. ಇದೇ ಜಾತಿಯವು ಬೇಸಿಗೆಯಲ್ಲಿ ಆಫ್ರಿಕಾದಿಂದ ಯುರೋಪಿನವರೆಗೂ ಹಾರುತ್ತವೆ.

ಗಿಡದ ಚಿಂತೆ ಬೇಡ, ನಂದಿಬಟ್ಟಲು ಮತ್ತೆ ಚಿಗುರುತ್ತದೆ. ಗಿಡ ತೀರಾ ಸಣ್ಣದಿದ್ದರೆ ಹುಳ ಕೂತ ಕಡ್ಡಿಯನ್ನೇ ಮುರಿದು ಬೇಲಿಯ ಕಣಗಿಲೆಗೆ ಸಿಕ್ಕಿಸಿ. ಆಮೇಲೆ ಕೈ ತೊಳೆದುಕೊಳ್ಳಿ.